‘ಕಾಟನ್ ಸಾಫ್ಟ್’ ಪ್ಯಾಡಿನಲ್ಲಿ ಹತ್ತಿ ಎಲ್ಲಿದೆ? ನೇಯದ ಬಟ್ಟೆ ಮೆತ್ತಗಾಗುವ ಬಗೆ

ಹಿರೇಕೆರೂರಿನ ಹಾಸ್ಟೆಲಿನಲ್ಲಿದ್ದು ಓದುವ ನನ್ನ ಅಕ್ಕನ ಮಗಳು ಬೇಸಿಗೆ ರಜೆಗೆ ಬಂದಾಗ ಎರಡು ಸ್ಯಾನಿಟರಿ ಪ್ಯಾಡ್ ತಂದು ನನ್ನ ಮುಂದಿಟ್ಟಳು. ಒಂದು ತೀರಾ ಅಗ್ಗದ್ದು, ಇನ್ನೊಂದು ಅದರ ಮೂರು ಪಟ್ಟು ಬೆಲೆಯದ್ದು. “ಎರಡರ ಮ್ಯಾಲೂ ಕಾಟನ್ ಸಾಫ್ಟ್ ಅಂತ ಬರದಾರ ಚಿಗವ್ವ. ಮತ್ತ ಇದೊಂದು ಯಾಕ ಇಷ್ಟು ಗಡಸು ಐತಿ?” ಅಗ್ಗದ್ದನ್ನು ಬಳಸಿದ ತಿಂಗಳು ಅವಳ ತೊಡೆಯ ಸಂದಿಯಲ್ಲಿ ಚರ್ಮ ಸುಲಿದು ಉರಿ ಎದ್ದಿತ್ತು. ‘ಮೈ ಉಷ್ಣ ಆಗೇತಿ’ ಎಂದು ಅವಳ ಅಜ್ಜಿ ವಾರಪೂರ್ತಿ ಮಜ್ಜಿಗೆ ಕುಡಿಸಿದ್ದರು. ಮಜ್ಜಿಗೆಯಿಂದ ತೊಂದರೆ ಏನಿಲ್ಲ, ಆದರೆ ಉರಿಗೆ ಕಾರಣ ಹೊಟ್ಟೆಯಲ್ಲಿ ಇರಲಿಲ್ಲ.

ಅವಳ ಪ್ರಶ್ನೆಗೆ ಮೊದಲ ಉತ್ತರ ಇಷ್ಟು: ಆ ಎರಡೂ ಪ್ಯಾಡಿನ ಮೇಲ್ಪದರದಲ್ಲಿ ಹತ್ತಿಯ ಒಂದು ಎಳೆಯೂ ಇರಲಿಲ್ಲ. ಇಕ್ಕಳದಲ್ಲಿ ಹಿಡಿದು ಚಿಕ್ಕ ಚೂರನ್ನು ಬೆಂಕಿಗೆ ತೋರಿಸಿದೆವು. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉಳಿಯಬೇಕಿತ್ತು. ಎರಡೂ ಚೂರುಗಳು ಉರಿಗೆ ಹತ್ತಿರ ಬರುತ್ತಿದ್ದಂತೆ ಮುದುಡಿ, ಕರಗಿ, ಗಟ್ಟಿ ಮಣಿಯಾದವು. ಮೇಣದ ವಾಸನೆ. ಅದು ಪ್ಲಾಸ್ಟಿಕ್, ಹೆಚ್ಚಿನ ಪಕ್ಷ ಪಾಲಿಪ್ರೊಪಿಲೀನ್. (ಈ ಪರೀಕ್ಷೆಯನ್ನು ಮಕ್ಕಳು ಒಬ್ಬರೇ ಮಾಡುವುದು ಬೇಡ. ಕರಗಿದ ಹನಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.) ‘ಕಾಟನ್ ಸಾಫ್ಟ್’, ‘ಕಾಟನಿ’ ಎಂಬ ಮಾತುಗಳು ಸ್ಪರ್ಶದ ವರ್ಣನೆ, ಒಳಗಿನ ವಸ್ತುವಿನ ಹೆಸರಲ್ಲ. ‘ಕೇಸರಿ ಬಣ್ಣ’ ಎಂದ ಮಾತ್ರಕ್ಕೆ ಅದರಲ್ಲಿ ಕೇಸರಿ ಇರಬೇಕಿಲ್ಲವಲ್ಲ, ಹಾಗೆ.

ಹಾಗಾದರೆ ಒಂದೇ ಪ್ಲಾಸ್ಟಿಕ್ಕಿನಿಂದ ಒಂದು ಗಡಸು, ಇನ್ನೊಂದು ಮೆತ್ತಗೆ ಆದದ್ದು ಹೇಗೆ?

ಶಾವಿಗೆ ಒತ್ತಿದ ಬಟ್ಟೆ

ಬಟ್ಟೆ ಎಂದರೆ ನೂಲು, ಮಗ್ಗ, ಹಾಸು-ಹೊಕ್ಕು ಎಂಬುದು ನಮ್ಮ ತಿಳಿವಳಿಕೆ. ನಾನ್‌ವೋವನ್ ಬಟ್ಟೆಯಲ್ಲಿ ಇದಾವುದೂ ಇಲ್ಲ, ನೂಲೇ ಇಲ್ಲ. ಇದು ನಿಮಗೆ ಅಪರಿಚಿತ ವಸ್ತುವೇನೂ ಅಲ್ಲ. ಹಾನಗಲ್ಲಿನ ಯಾವುದೇ ಮದುವೆಯಲ್ಲಿ ಕೊಡುವ ಬಣ್ಣಬಣ್ಣದ ತಾಂಬೂಲದ ಚೀಲ, ಕೋವಿಡ್ ಕಾಲದ ಮಾಸ್ಕ್, ಕಲ್ಲಂಗಡಿ ಬಳ್ಳಿಗೆ ಹೊದಿಸುವ ಬಿಳಿ ಕ್ರಾಪ್ ಕವರ್, ಎಲ್ಲವೂ ಅದೇ. ‘ಬಟ್ಟೆ ಚೀಲ’ ಎಂದು ಕರೆಸಿಕೊಂಡರೂ ಅವು ಪ್ಲಾಸ್ಟಿಕ್ಕೇ. ಅದಕ್ಕೇ ಕೇಂದ್ರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು 2021ರ ಸೆಪ್ಟೆಂಬರ್ 30ರಿಂದ ಇಂಥ ಚೀಲದ ತೂಕ ಚದರ ಮೀಟರಿಗೆ 60 ಗ್ರಾಮಿಗಿಂತ ಕಡಿಮೆ ಇರಬಾರದು ಎಂದವು. ಪ್ಯಾಡಿನ ಮೇಲ್ಪದರ ಇದಕ್ಕಿಂತ ಬಹಳ ತೆಳು, ಸಾಮಾನ್ಯವಾಗಿ ಚದರ ಮೀಟರಿಗೆ 15ರಿಂದ 25 ಗ್ರಾಂ.

ತಯಾರಿಕೆಯ ಅತಿ ಬಳಕೆಯ ವಿಧಾನಕ್ಕೆ ಸ್ಪನ್‌ಬಾಂಡ್ ಎಂಬ ಹೆಸರು. ಶಾವಿಗೆ ಒತ್ತುವುದನ್ನು ನೆನಪಿಸಿಕೊಳ್ಳಿ. ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪಾಲಿಪ್ರೊಪಿಲೀನ್ ಸಾವಿರಾರು ಸಣ್ಣ ತೂತುಗಳಿರುವ ತಟ್ಟೆಯಿಂದ ಎಳೆಯೆಳೆಯಾಗಿ ಕೆಳಗೆ ಇಳಿಯುತ್ತದೆ. ರಭಸದ ಗಾಳಿ ಆ ಎಳೆಗಳನ್ನು ಜಗ್ಗಿ ಇನ್ನಷ್ಟು ಸಣ್ಣ ಮಾಡುತ್ತದೆ. ಕೆಳಗೆ ಓಡುತ್ತಿರುವ ಜಾಲರಿ ಪಟ್ಟಿಯ ಮೇಲೆ ಅವು ದಿಕ್ಕುದೆಸೆಯಿಲ್ಲದೆ ಬಿದ್ದು ಹಾಸಾಗುತ್ತವೆ. ಈ ಹಂತದಲ್ಲಿ ಅದು ಬಟ್ಟೆಯಲ್ಲ, ಮುಟ್ಟಿದರೆ ಚದುರುವ ಎಳೆಗಳ ರಾಶಿ. ಆಮೇಲೆ ಈ ಹಾಸನ್ನು ಎರಡು ಬಿಸಿ ರೋಲರುಗಳ ನಡುವೆ ಹಾಯಿಸುತ್ತಾರೆ. ಒಂದು ರೋಲರಿನ ಮೇಲೆ ಸಣ್ಣ ಸಣ್ಣ ಉಬ್ಬುಗಳಿರುತ್ತವೆ. ಉಬ್ಬು ಒತ್ತಿದಲ್ಲೆಲ್ಲ ಎಳೆಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಪ್ಯಾಡಿನ ಮೇಲಿನ ಪದರವನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಸಾಲಾಗಿ ಚುಕ್ಕಿಗಳೋ ಸಣ್ಣ ವಜ್ರಾಕೃತಿಗಳೋ ಕಾಣಿಸಿದರೆ ಅವೇ ಬೆಸುಗೆಗಳು. ಪ್ರತಿಯೊಂದು ಚುಕ್ಕಿಯೂ ಎಳೆತನ ಕಳೆದುಕೊಂಡ ಒಂದು ಚಪ್ಪಟೆ ಪ್ಲಾಸ್ಟಿಕ್ ಹೊಪ್ಪಳೆ. ಸಾಮಾನ್ಯವಾಗಿ ಒಟ್ಟು ವಿಸ್ತಾರದಲ್ಲಿ ಇವುಗಳ ಪಾಲು ಶೇ. 15ರಿಂದ 20. ಚುಕ್ಕಿ ಹೆಚ್ಚಾದರೆ ಬಟ್ಟೆ ಗಟ್ಟಿ, ಆದರೆ ಗಡಸು. ಕಡಿಮೆಯಾದರೆ ಮೆತ್ತಗೆ, ಆದರೆ ಉಜ್ಜಿದಾಗ ನಾರು ಎದ್ದು ಮೈಗೆ ಅಂಟುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಮೆತ್ತಗಿನ ನಾನ್‌ವೋವನ್ ಮಾಡುವ ಕಸುಬಿನ ಅರ್ಧ ತಲೆನೋವು ಈ ಜಗ್ಗಾಟವೇ.

ನಮ್ಮ ಅಗ್ಗದ ಪ್ಯಾಡಿನಲ್ಲಿ ಚುಕ್ಕಿಗಳು ಒತ್ತೊತ್ತಾಗಿದ್ದವು. ದುಬಾರಿಯದ್ದರಲ್ಲಿ ಚುಕ್ಕಿಗಳೇ ಕಾಣಲಿಲ್ಲ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಕಂಬಳಿ ಯಾಕೆ ಚುಚ್ಚುತ್ತದೆ?

ಹಾವೇರಿ ಜಿಲ್ಲೆಯವರಿಗೆ ಕುರಿ ಕಂಬಳಿ ಹೊಸದಲ್ಲ. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ ಅದಕ್ಕೇ ಹೆಸರಾದ ಊರು. ಬರಿಮೈಗೆ ಹೊದ್ದರೆ ಕಂಬಳಿ ಚುಚ್ಚುತ್ತದೆ. ‘ಉಣ್ಣೆಗೆ ಅಲರ್ಜಿ’ ಎಂದು ಹೇಳುವವರಿದ್ದಾರೆ, ಆದರೆ ಬಹುತೇಕ ಸಂದರ್ಭಗಳಲ್ಲಿ ಇದು ಅಲರ್ಜಿಯಲ್ಲ, ಬರೀ ಯಂತ್ರಶಾಸ್ತ್ರ. ನಾರಿನ ದಪ್ಪ ಸುಮಾರು 30 ಮೈಕ್ರಾನ್ ದಾಟಿದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ಚರ್ಮದ ನರಗಳು ಅದನ್ನು ಚುಚ್ಚಿದಂತೆ ಓದುತ್ತವೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು ಜಾತಿಯದ್ದು. 20 ಮೈಕ್ರಾನಿಗಿಂತ ಸಣ್ಣಗಿರುವ ಮೆರಿನೋ ಉಣ್ಣೆ ಚುಚ್ಚದೆ ಬಾಗಿಬಿಡುತ್ತದೆ.

ಇಲ್ಲಿ ಒಂದು ಲೆಕ್ಕವಿದೆ, ನನಗೆ ತುಂಬ ಇಷ್ಟವಾದದ್ದು. ಒಂದು ದುಂಡನೆಯ ಎಳೆಯ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಎಳೆಯ ದಪ್ಪವನ್ನು 20 ಮೈಕ್ರಾನಿನಿಂದ 10ಕ್ಕೆ ಇಳಿಸಿದರೆ ಬಿಗಿತ ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಬಟ್ಟೆಯ ತೂಕ ಅಷ್ಟೇ ಇರಬೇಕಾದರೆ ಎಳೆಗಳ ಸಂಖ್ಯೆ ನಾಲ್ಕು ಪಟ್ಟಾಗಬೇಕು. ಅದನ್ನೂ ಸೇರಿಸಿ ಲೆಕ್ಕ ಹಾಕಿದರೂ ಒಟ್ಟು ಬಿಗಿತ ನಾಲ್ಕನೇ ಒಂದು ಭಾಗ. ಅದೇ ಪ್ಲಾಸ್ಟಿಕ್, ಅದೇ ತೂಕ, ನಾಲ್ಕು ಪಟ್ಟು ಮೆತ್ತಗೆ. ಸಾಮಾನ್ಯ ಸ್ಪನ್‌ಬಾಂಡ್ ಎಳೆ 15ರಿಂದ 20 ಮೈಕ್ರಾನ್ ಇರುತ್ತದೆ. ಅದನ್ನು ಇನ್ನಷ್ಟು ಸಣ್ಣ ಮಾಡಲು ಗಾಳಿಯ ವೇಗ ಹೆಚ್ಚಬೇಕು, ಎಳೆ ನಡುವೆ ಕಡಿಯದಂತೆ ಪ್ಲಾಸ್ಟಿಕ್ಕಿನ ಗುಣ ಶುದ್ಧವಾಗಿರಬೇಕು, ಯಂತ್ರ ನಿಧಾನಿಸಬೇಕು. ಬೆಲೆ ಏರುವುದು ಅಲ್ಲಿ.

ಉಣ್ಣೆ ಇನ್ನೊಂದು ಪಾಠವನ್ನೂ ಕಲಿಸಿದೆ. ಉಣ್ಣೆಯ ಎಳೆಯ ಎರಡು ಬದಿಗಳ ಗುಣ ಬೇರೆಬೇರೆ, ಅದಕ್ಕೇ ಅದು ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಕಾರ್ಖಾನೆಯಲ್ಲೂ ಎರಡು ಬಗೆಯ ಪ್ಲಾಸ್ಟಿಕ್ಕನ್ನು ಒಂದೇ ಎಳೆಯ ಎಡ-ಬಲಕ್ಕೆ ಸೇರಿಸಿ ತೆಗೆಯುತ್ತಾರೆ. ತಣಿಯುವಾಗ ಒಂದು ಬದಿ ಹೆಚ್ಚು ಕುಗ್ಗಿ ಎಳೆ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ, ಹಾಸು ಉಬ್ಬಿ ನಿಲ್ಲುತ್ತದೆ.

ಈಗ ಆ ಚುಕ್ಕಿಯಿಲ್ಲದ ಪ್ಯಾಡಿಗೆ ಬರೋಣ. ಅದರ ಎಳೆಗಳಿಗೆ ಒಳಗೊಂದು ತಿರುಳು, ಹೊರಗೊಂದು ಕವಚ. ತಿರುಳು ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್, ಕವಚ 130 ಡಿಗ್ರಿ ಆಸುಪಾಸಿನಲ್ಲೇ ಕರಗುವ ಪಾಲಿಥೀನ್. ರೋಲರಿನಿಂದ ಒತ್ತುವ ಬದಲು ಹಾಸಿನೊಳಗೆ ಬಿಸಿಗಾಳಿ ಹಾಯಿಸುತ್ತಾರೆ. ಕವಚ ಮಾತ್ರ ಕರಗಿ, ಎಳೆಗಳು ಒಂದನ್ನೊಂದು ದಾಟುವ ಕಡೆ ಅಂಟಿಕೊಳ್ಳುತ್ತವೆ, ತಿರುಳು ಹಾಗೇ ಉಳಿಯುತ್ತದೆ. ಯಾರೂ ಒತ್ತದ ಕಾರಣ ಹಾಸು ಅರಳಿದ ಹತ್ತಿಯಂತೆ ಉಬ್ಬಿಯೇ ಇರುತ್ತದೆ. ಒಳ್ಳೆಯ ಬೇಬಿ ಡೈಪರುಗಳಲ್ಲಿ ಮಗುವಿನ ಮೈಗೆ ತಾಗುವ ಪದರ ಹಲವು ಸಲ ಇದೇ.

ಇವೆಲ್ಲ ಬೇಡ ಎನ್ನುವವರಿಗೆ ಒಂದು ಸುಲಭ ದಾರಿಯಿದೆ: ಕರಗಿದ ಪ್ಲಾಸ್ಟಿಕ್ಕಿಗೆ ಎರುಕಮೈಡ್‌ನಂಥ ಜಾರುವ ಪದಾರ್ಥ ಬೆರೆಸುವುದು. ಅದು ನಿಧಾನವಾಗಿ ಎಳೆಯ ಮೇಲ್ಮೈಗೆ ಬಂದು ಕೂರುತ್ತದೆ, ಕೈಯಾಡಿಸಿದರೆ ರೇಷ್ಮೆಯಂತೆ ನುಣುಪು. ಅಂಗಡಿಯಲ್ಲಿ ಬೆರಳಿಗೆ ಸಿಗುವ ಮೃದುತ್ವ ಎಷ್ಟೋ ಸಲ ಇಷ್ಟೇ.

ಮೆತ್ತಗಿದ್ದರೆ ಸಾಕೇ?

ಸಾಲದು. ಪಾಲಿಪ್ರೊಪಿಲೀನ್ ಸ್ವಭಾವತಃ ನೀರನ್ನು ದೂರ ತಳ್ಳುತ್ತದೆ. ಕೆಸುವಿನ ಎಲೆಯ ಮೇಲಿನ ಹನಿಯಂತೆ ದ್ರವ ಅದರ ಮೇಲೆ ಉರುಳುತ್ತದೆ. ಆದ್ದರಿಂದ ಮೇಲ್ಪದರಕ್ಕೆ ಸೋಪಿನ ಜಾತಿಯ ಒಂದು ಲೇಪ ಕೊಟ್ಟು ದ್ರವ ಕೆಳಗಿಳಿಯುವಂತೆ ಮಾಡುತ್ತಾರೆ. ಹಲವು ಮೃದುಕಾರಕಗಳು, ಅದರಲ್ಲೂ ಸಿಲಿಕೋನ್ ಜಾತಿಯವು, ಇದಕ್ಕೆ ತದ್ವಿರುದ್ಧವಾಗಿ ನೀರನ್ನು ತಡೆಯುತ್ತವೆ. ಟವೆಲ್ಲಿಗೆ ಫ್ಯಾಬ್ರಿಕ್ ಕಂಡಿಷನರ್ ಹಾಕಿ ಹಾಕಿ ಅದು ಮೆತ್ತಗಾಗಿ, ಕೊನೆಗೆ ಮೈ ಒರೆಸಿದರೆ ನೀರನ್ನೇ ಹೀರದಂತಾಗುವುದು ಗೊತ್ತಲ್ಲ? ಅದೇ ಕಥೆ. (ಮುಟ್ಟಿನ ಬಟ್ಟೆ ಅಥವಾ ಬಟ್ಟೆಯ ಪ್ಯಾಡ್ ಬಳಸುವವರು ಅದನ್ನು ಕಂಡಿಷನರಿನಲ್ಲಿ ಅದ್ದಬೇಡಿ.) ಇನ್ನು ಆ ಸೋಪಿನ ಲೇಪವೂ ಒಂದೆರಡು ಸಲ ತೋಯ್ದ ಮೇಲೆ ತೊಳೆದುಹೋಗುತ್ತ ಬರುತ್ತದೆ. ಡೈಪರ್ ಮೊದಲ ಸಲ ಹೀರಿದಷ್ಟು ಚುರುಕಾಗಿ ಮೂರನೇ ಸಲ ಹೀರದಿರುವುದಕ್ಕೆ ಇದೂ ಒಂದು ಕಾರಣ.

ಚರ್ಮ ಸುಲಿಯುವುದರಲ್ಲಿ ಒರಟುತನಕ್ಕಿಂತ ತೇವದ ಕೈ ದೊಡ್ಡದು. ಒಣ ಚರ್ಮಕ್ಕಿಂತ ತೋಯ್ದ ಚರ್ಮದಲ್ಲಿ ಘರ್ಷಣೆ ಹೆಚ್ಚು. ಹೊತ್ತುಗಟ್ಟಲೆ ನೀರಲ್ಲಿ ನೆನೆದ ಕೈ ಬೆರಳು ನೋಡಿ, ತೊಗಲು ಉಬ್ಬಿ ಬೆಳ್ಳಗಾಗಿ ಬೇಗ ಸುಲಿಯುತ್ತದೆ. ತೊಡೆಯ ಸಂದಿಯಲ್ಲಿ ಇದರ ಜತೆಗೆ ಬೆವರು, ಗಾಳಿಯಿಲ್ಲದ ಬಿಸಿ, ಸೈಕಲ್ ತುಳಿತ ಸೇರುತ್ತವೆ. ನನ್ನ ಅಕ್ಕನ ಮಗಳನ್ನು ಕೇಳಿದೆ: ಬೆಳಿಗ್ಗೆ ಎಂಟಕ್ಕೆ ಹಾಕಿದ್ದನ್ನು ಯಾವಾಗ ಬದಲಿಸಿದೆ? “ಸಂಜೀಗೆ ರೂಮಿಗೆ ಬಂದಮ್ಯಾಲ.” ಒಂಬತ್ತು ತಾಸು! ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಚಿಲಕವಿಲ್ಲ. ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು ಎಂದು ನಾನು ಹೇಳಿದ್ದಕ್ಕೆ ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು, ಅಷ್ಟೆ. ಆ ನೋಟಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಹತ್ತಿಯ ವಿಷಯದಲ್ಲೂ ಇದೇ ತೊಡಕು. ‘ಹತ್ತಿಯೇ ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು’ ಎಂಬ ಮಾತು ಅರ್ಧ ಸತ್ಯ. ಹತ್ತಿಯ ನಾರು ಸಣ್ಣದು, ಬಾಗುವಂಥದ್ದು, ಒಣಗಿದ್ದಾಗ ಹಿತ. ಆದರೆ ಅದು ದ್ರವವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ದಾಟಿಸಿ ತಾನು ಒಣಗುವುದಿಲ್ಲ. ಮೇಲ್ಪದರವಾಗಿ ಬಳಸಿದರೆ ತೇವ ಚರ್ಮಕ್ಕೇ ತಾಗಿ ನಿಲ್ಲುತ್ತದೆ. ಸುಗಂಧಕ್ಕೋ ಅಂಟಿಗೋ ಅಲರ್ಜಿ ಇರುವವರಿಗೆ ಹತ್ತಿಯ ಮೇಲ್ಪದರ ಬಂದರೂ ಉರಿ ನಿಲ್ಲದಿರಬಹುದು, ಏಕೆಂದರೆ ಅಂಟು ಅಲ್ಲೇ ಇದೆ.

ನಮ್ಮ ಹತ್ತಿ, ನಮ್ಮ ಪ್ಯಾಡ್?

ಹಾಗಂತ ಹತ್ತಿಯನ್ನು ತಳ್ಳಿಹಾಕುವುದೂ ಸರಿಯಲ್ಲ, ಅದರಲ್ಲೂ ಈ ಸೀಮೆಯಲ್ಲಿ ಕೂತು. ಜಗತ್ತಿನ ಹತ್ತಿ ತಳಿ ಇತಿಹಾಸದಲ್ಲಿ ಧಾರವಾಡಕ್ಕೆ ದೊಡ್ಡ ಹೆಸರಿದೆ. ಡಾ. ಬಿ.ಎಚ್. ಕಟರ್ಕಿ ಅಲ್ಲಿ ರೂಪಿಸಿ 1972ರಲ್ಲಿ ಬಿಡುಗಡೆಯಾದ ‘ವರಲಕ್ಷ್ಮಿ’ ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಬೆಸೆದ ಮೊದಲ ವಾಣಿಜ್ಯ ಹೈಬ್ರಿಡ್. ಆಮೇಲೆ ಬಂದ ಡಿಸಿಎಚ್-32 ಅತಿ ಉದ್ದ, ಸಣ್ಣ ಎಳೆಯ ಹತ್ತಿ. ಹಿರೇಕೆರೂರು, ರಾಣೆಬೆನ್ನೂರು ಕಡೆ ಹತ್ತಿ ಬೀಜೋತ್ಪಾದನೆ ಹಳೆಯ ಕಸುಬು. ಗಂಡು ಹೂವಿನ ಪರಾಗವನ್ನು ಹೆಣ್ಣು ಸಾಲಿನ ಹೂವಿಗೆ ಕೈಯಿಂದ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸ ಬಹುಪಾಲು ಹೆಂಗಸರದ್ದು. ದಿನವಿಡೀ ಹೊಲದಲ್ಲಿ, ಪ್ಯಾಡ್ ಬದಲಿಸುವ ಜಾಗವಿಲ್ಲದೆ.

ಹೊಲದಿಂದ ತಂದ ಅರಳೆಯನ್ನು ನೀರಿನ ಬೋಗುಣಿಗೆ ಹಾಕಿ ನೋಡಿ, ತೇಲುತ್ತದೆ. ಬ್ಯಾಂಡೇಜಿನ ಸರ್ಜಿಕಲ್ ಹತ್ತಿಯನ್ನು ಹಾಕಿದರೆ ಹತ್ತು ಸೆಕೆಂಡಿನೊಳಗೆ ಮುಳುಗಬೇಕು, ಔಷಧಕೋಶದ ನಿಯಮವೇ ಹಾಗಿದೆ. ಹಸಿ ಹತ್ತಿಯ ನಾರಿನ ಮೇಲೆ ತೆಳುವಾದ ಮೇಣವಿರುತ್ತದೆ. ಕ್ಷಾರದಲ್ಲಿ ಕುದಿಸಿ ಬಿಳುಪು ಮಾಡಿದರೆ ಮಾತ್ರ ಅದು ಹೀರುವ ಹತ್ತಿ. ಈಗ ಕೆಲವು ತಯಾರಕರು ಈ ‘ದೋಷ’ವನ್ನೇ ಉಪಯೋಗಕ್ಕೆ ತಂದಿದ್ದಾರೆ. ಮೇಣ ತೆಗೆಯದೆ, ಯಂತ್ರದಲ್ಲಿ ಕಸಕಡ್ಡಿ ಮಾತ್ರ ತೆಗೆದ ಹತ್ತಿಯನ್ನು ಮೇಲ್ಪದರಕ್ಕೆ ಬೆರೆಸುತ್ತಾರೆ. ಅದು ಸ್ವತಃ ತೋಯದೆ ದ್ರವವನ್ನು ಸಂದಿಯಿಂದ ಕೆಳಗೆ ಬಿಡುತ್ತದೆ. ಇಂಥ ಹಾಸನ್ನು ಬೆಸೆಯಲು ಬೆಂಕಿಯೂ ಬೇಡ, ಅಂಟೂ ಬೇಡ. ಕೂದಲೆಳೆಯಷ್ಟು ಸಣ್ಣ ನೀರಿನ ಧಾರೆಗಳನ್ನು ಭಾರಿ ಒತ್ತಡದಲ್ಲಿ ಹೊಡೆದು ನಾರುಗಳನ್ನು ಗಂಟು ಹಾಕಿಸುತ್ತಾರೆ. ಸ್ಪನ್‌ಲೇಸ್ ಎನ್ನುವ ಈ ಬಟ್ಟೆಯಲ್ಲಿ ಗಡಸು ಚುಕ್ಕಿಯೇ ಇರುವುದಿಲ್ಲ. ಒದ್ದೆ ವೈಪ್ಸ್ ಬಳಸಿದ್ದರೆ ಅದನ್ನು ನೀವು ಮುಟ್ಟಿದ್ದೀರಿ.

ಇದರ ಅಧ್ಯಯನಕ್ಕೆ ದೂರ ಹೋಗಬೇಕಿಲ್ಲ. ನಾನ್‌ವೋವನ್‌ಗೆ ಕೇಂದ್ರ ಸರ್ಕಾರ ಗುರುತಿಸಿದ ಉತ್ಕೃಷ್ಟತಾ ಕೇಂದ್ರ ಇರುವುದು ಇಚಲಕರಂಜಿಯ ಡಿಕೆಟಿಇ ಸಂಸ್ಥೆಯಲ್ಲಿ, ನಿಪ್ಪಾಣಿಯಿಂದ ಗಡಿ ದಾಟಿದರೆ ಹತ್ತಿರವೇ. ಆದರೆ ಸ್ಪನ್‌ಲೇಸ್ ಘಟಕ ಸ್ವಸಹಾಯ ಸಂಘ ನಡೆಸುವ ಮಟ್ಟದ್ದಲ್ಲ. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ರೂಪಿಸಿದ ಸಣ್ಣ ಯಂತ್ರ ಪ್ರಸಿದ್ಧವಾದದ್ದು ಪ್ಯಾಡನ್ನು ಊರಲ್ಲೇ ಮಾಡಬಹುದು ಎಂದು ತೋರಿಸಿದ್ದಕ್ಕೆ. ಅವರ ಮೊದಲ ಪ್ಯಾಡುಗಳು ಹತ್ತಿಯವು, ಅವು ಸೋತವು. ದೊಡ್ಡ ಕಂಪನಿಗಳ ಪ್ಯಾಡಿನೊಳಗೆ ಇರುವುದು ಹತ್ತಿಯಲ್ಲ, ಮರದ ತಿರುಳು ಎಂದು ತಿಳಿಯಲು ಅವರಿಗೆ ವರ್ಷಗಳೇ ಹಿಡಿದವು. ಇಂಥ ಸಣ್ಣ ಘಟಕಗಳು ಒಳಗಿನ ತಿರುಳನ್ನು ಹದ ಮಾಡಬಲ್ಲವು, ಮೇಲಿನ ನಾನ್‌ವೋವನ್ ಸುರುಳಿಯನ್ನು ಮಾತ್ರ ಹೊರಗಿನಿಂದ ಕೊಳ್ಳಲೇಬೇಕು. ಯಾವ ದರ್ಜೆಯದ್ದನ್ನು ಕೊಂಡರು ಎಂಬುದರ ಮೇಲೆ ಹುಡುಗಿಯರ ತೊಡೆಯ ಹಣೆಬರಹ.

ಅಳೆಯಲಾಗದ್ದಕ್ಕೆ ಟೆಂಡರಿನಲ್ಲಿ ಜಾಗವಿಲ್ಲ

ಸ್ಯಾನಿಟರಿ ಪ್ಯಾಡಿಗೆ ಭಾರತೀಯ ಮಾನಕ ಇದೆ, ಐಎಸ್ 5405. ಮೊದಲು 1980ರದ್ದು, 2019ರಲ್ಲಿ ಪರಿಷ್ಕರಿಸಲಾಯಿತು. ಎಷ್ಟು ಹೀರುತ್ತದೆ, ಪಿಎಚ್ ಎಷ್ಟು, ಸೂಕ್ಷ್ಮಾಣು ಎಷ್ಟು ಎಂಬುದಕ್ಕೆ ಅಂಕಿಗಳಿವೆ. ಮೃದುತ್ವಕ್ಕೆ ಮಿಲಿಲೀಟರಿನಂಥ ಸರ್ವಮಾನ್ಯ ಏಕಮಾನ ಇಲ್ಲ. ಬಟ್ಟೆಯನ್ನು ಸಣ್ಣ ಸಂದಿಯೊಳಗೆ ತಳ್ಳಲು ಎಷ್ಟು ಬಲ ಬೇಕು ಎಂದು ನೋಡುವ ಯಂತ್ರವಿದೆ. ಜಪಾನಿನ ಸುಯೆವೊ ಕವಾಬಾಟಾ 1970ರ ದಶಕದಲ್ಲಿ ಬಾಗುವಿಕೆ, ಒತ್ತುವಿಕೆ, ಉಜ್ಜುವಿಕೆ ಎಲ್ಲವನ್ನೂ ಬೇರೆಬೇರೆ ಅಳೆದು ಒಟ್ಟು ‘ಕೈಸ್ಪರ್ಶ’ವನ್ನು ಲೆಕ್ಕ ಹಾಕುವ ವಿಧಾನ ತಂದರು. ಇಷ್ಟಾದರೂ ಕಂಪನಿಗಳು ಕೊನೆಗೆ ಹತ್ತಾರು ಜನರನ್ನು ಕೂರಿಸಿ ಕೈಯಿಂದ ಮುಟ್ಟಿಸಿಯೇ ತೀರ್ಮಾನಿಸುತ್ತವೆ.

ಕರ್ನಾಟಕದ ‘ಶುಚಿ’ ಯೋಜನೆ 2013-14ರಲ್ಲಿ ಶುರುವಾಗಿ, ಕೋವಿಡ್ ಕಾಲದಲ್ಲಿ ನಿಂತು, 2024ರಲ್ಲಿ ಮತ್ತೆ ಆರಂಭವಾಯಿತು. ಜನೌಷಧಿ ಮಳಿಗೆಯ ‘ಸುವಿಧಾ’ ಪ್ಯಾಡಿನ ಬೆಲೆ 2019ರ ಆಗಸ್ಟಿನಿಂದ ಒಂದು ರೂಪಾಯಿ. ಇವೆರಡೂ ದೊಡ್ಡ ಕೆಲಸಗಳೇ. ಆದರೆ ಲಕ್ಷಗಟ್ಟಲೆ ಪ್ಯಾಡ್ ಕೊಳ್ಳುವಾಗ ಅಂಕಿಯಲ್ಲಿ ಬರೆಯಲಾಗುವ ಗುಣಗಳು ಉಳಿದುಕೊಳ್ಳುತ್ತವೆ, ಬರೆಯಲಾಗದ್ದು ಬೆಲೆಯ ಪೈಪೋಟಿಯಲ್ಲಿ ಮೊದಲು ಸವೆಯುತ್ತದೆ. ಖರೀದಿಗೆ ಮುನ್ನ ಶಿಗ್ಗಾಂವಿಯದೋ ಸವಣೂರಿನದೋ ಒಂದು ಪ್ರೌಢಶಾಲೆಯ ಮೂವತ್ತು ಹುಡುಗಿಯರಿಗೆ ಮಾದರಿಗಳನ್ನು ಕೊಟ್ಟು, ಒಂದು ತಿಂಗಳು ಬಳಸಿ ಹೇಳಿ ಎನ್ನುವುದು ಕಷ್ಟದ ಪರೀಕ್ಷೆಯೇನಲ್ಲ. ಕಂಪನಿಗಳು ಮಾಡುವುದನ್ನೇ ಸರ್ಕಾರವೂ ಮಾಡಬಹುದು ಎಂಬುದು ನನ್ನ ಅಭಿಪ್ರಾಯ.

ಹೀರುವಿಕೆಯ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಜಾಹೀರಾತಿನ ನೀಲಿ ದ್ರವ ರಕ್ತದಂತೆ ವರ್ತಿಸುವುದಿಲ್ಲ, ರಕ್ತ ಮಂದ. ಅಮೆರಿಕದ ಒರೆಗಾನ್‌ನ ವೈದ್ಯ ಸಂಶೋಧಕರು ಮುಟ್ಟಿನ ಉತ್ಪನ್ನಗಳ ಸಾಮರ್ಥ್ಯವನ್ನು ನಿಜವಾದ ರಕ್ತಕಣಗಳಿಂದ ಅಳೆದು ಪ್ರಕಟಿಸಿದ್ದು 2023ರಲ್ಲಿ. ಅಲ್ಲಿಯವರೆಗೆ ಹೆಚ್ಚಾಗಿ ನೀರು, ಉಪ್ಪುನೀರುಗಳೇ ಆಧಾರವಾಗಿದ್ದವು.

ಮನೆಯಲ್ಲೇ ಹೋಲಿಸಿ ನೋಡಬೇಕೆಂದರೆ ಎರಡು ಪ್ಯಾಡಿನ ಮೇಲೆ ಎರಡೆರಡು ಚಮಚ ಉಪ್ಪುನೀರು ಸುರಿದು ಐದು ನಿಮಿಷ ಬಿಡಿ. ಮೇಲೆ ಮಡಚಿದ ಟಿಶ್ಯೂ ಇಟ್ಟು ಅಂಗೈಯಿಂದ ಒತ್ತಿ. ಯಾವ ಟಿಶ್ಯೂ ಹೆಚ್ಚು ತೋಯುತ್ತದೋ ಆ ಪ್ಯಾಡ್ ನಿಮ್ಮ ಚರ್ಮವನ್ನೂ ಅಷ್ಟೇ ತೋಯಿಸುತ್ತದೆ. ನಾವು ಮಾಡಿದಾಗ ಬೆರಳಿಗೆ ಮೆತ್ತಗಿದ್ದ ಪ್ಯಾಡೇ ಗೆದ್ದಿತು, ಆದರೆ ಅಂಥ ದೊಡ್ಡ ಅಂತರದಿಂದಲ್ಲ. ಸುಗಂಧವಿರುವ ಪ್ಯಾಡಿನಿಂದ ದೂರವಿರಿ ಎಂದು ಅವಳಿಗೆ ಹೇಳಿದೆ. ಉರಿ ಎದ್ದರೆ ಬರೀ ನೀರಲ್ಲಿ ತೊಳೆದು ಒಣಗಿಸಿಕೊಳ್ಳಬೇಕು, ಮೂರ್ನಾಲ್ಕು ದಿನದಲ್ಲಿ ಇಳಿಯದಿದ್ದರೆ, ಕೀವು ಕಂಡರೆ, ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮನೆಯಲ್ಲಿ ಇರುವ ದಿನ ಹಳೆಯ ಸೀರೆಯ ಬಟ್ಟೆಯನ್ನೇ ಬಳಸುತ್ತೇನೆ ಎಂದಳು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹತ್ತಾರು ಸಲ ಒಗೆದು ಗಂಜಿ ಬಿಟ್ಟು ನೂಲು ಸಡಿಲಾದ ಹತ್ತಿ ಸೀರೆ ಯಾವ ಕಾರ್ಖಾನೆಯ ಹಾಸಿಗಿಂತಲೂ ಮೆತ್ತಗಿರಬಹುದು. ಸೋಪಿನಲ್ಲಿ ಒಗೆದು, ಮರೆಯಲ್ಲಿ ಅಲ್ಲ, ಬಿಸಿಲಲ್ಲಿ ಒಣಗಿಸಿದರೆ ಆಯಿತು.

“ಬಿಸಲಾಗ ಹಾಕಿದ್ರ ಅಜ್ಜಿ ಬೈತಾಳ,” ಎಂದಳು. ಅಜ್ಜಿಯ ಜತೆ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು.